ಕಾಲರಕ್ಕನ ಮೊದಲನೇ ಅಂಗಿ

ನಮ್ಮ ಬೀದೀಲಿ ಯಾರನ್ನಾದ್ರೂ ನಿಲ್ಸಿ ಕಾಲರಕ್ಕನ ಮನೆ ಯಾವ್ದು ಅಂತ ಕೇಳಿ ನೋಡಿ, ಕೈ ಹಿಡ್ಕೊಂಡು ಬಾಗಿಲ ತನಕ ಬಿಟ್ಟು ಬರ್ತಾರೆ. ಎರಡು ವರ್ಷದ ಹಿಂದೆ ಹೀಗಿರ್ಲಿಲ್ಲ. ಆಗ ಅವಳ ಹೆಸರು 'ಫಾರಿನ್ನವ್ಳು'. ಆ ಹೆಸರು ಹೋಗಿ ಈ ಹೆಸರು ಬಂದಿದ್ದು ಒಂದೇ ಒಂದು ಅಂಗಿಯಿಂದ, ಅದೂ ಹಾಳಾದ ಅಂಗಿಯಿಂದ! ನಮ್ದು ಎದುರುಮನೆ. ನಮ್ಗೆ ಎಲ್ಲಾ ಕಾಣ್ಸುತ್ತೆ, ಕಾಣದೇ ಇರೋದು ಕೇಳ್ಸುತ್ತೆ, ಕೇಳದೇ ಇರೋದನ್ನ ಅಕ್ಕನೇ ಬಂದು ಹೇಳ್ತಾಳೆ.

ಅಕ್ಕ ದುಡಿಯೋಕೆ ಹೊರದೇಶಕ್ಕೆ ಹೋದಾಗ ಅವಳ ಮಗಳಿಗೆ ಮೂರು ವರ್ಷ. ಗಂಡ ಅದಕ್ಕೂ ಒಂದು ವರ್ಷ ಮುಂಚೆ ತೀರ್ಕೊಂಡಿದ್ದ. ಮಗೂನ ಅಣ್ಣ ಅತ್ತಿಗೆ ಕೈಗಿಟ್ಟು ಹೋದವಳು ಹನ್ನೊಂದು ವರ್ಷ ಒಂದೇ ಶರ್ಟ್ ಫ್ಯಾಕ್ಟ್ರೀಲಿ ಕೂತ್ಳು. ಮಧ್ಯ ಮೂರೇ ಮೂರು ಸಲ ರಜೆ, ಒಂದೊಂದ್ಸಲಾನೂ ಇಪ್ಪತ್ತು ದಿನ. ಆ ಇಪ್ಪತ್ತರಲ್ಲಿ ಹದಿನೈದು ದಿನ ಮಗಳು ಅತ್ತೆ ಬೆನ್ನ ಹಿಂದೆ ನಿಂತು ಇಣುಕಿ ನೋಡೋದು, ಹದಿನಾರನೇ ದಿನ ಮೆಲ್ಲಗೆ ತೊಡೆ ಹತ್ರ ಬರೋದು, ಅಷ್ಟೊತ್ತಿಗೆ ಅಮ್ಮ ಸೂಟ್‌ಕೇಸು ಕಟ್ಟೋಕೆ ಶುರು ಮಾಡೋದು. ಇಷ್ಟೇ.

ಕೊನೆಗೆ ಫ್ಯಾಕ್ಟ್ರಿಯೋರು ಮಿಷಿನ್ನೆಲ್ಲ ಬೇರೆ ಕಡೆ ಸಾಗ್ಸಿ ಜನಾನ ಮನೆಗೆ ಕಳ್ಸಿದ್ರು. ಅಕ್ಕ ಬಂದ್ಳು. "ಇನ್ನ ಹೋಗಲ್ಲ ಕಣೆ" ಅಂತ ಮಗಳಿಗೆ ಹೇಳಿದ್ಳು. ಮಗಳಿಗೆ ಆಗ ಹದಿನಾಲ್ಕು. "ಹೂಂ" ಅಂದ್ಳು. ಆ ಹೂಂ ಹೇಗಿತ್ತು ಅಂದ್ರೆ, ಅಂಗಡಿಯವ್ನು 'ನಾಳೆ ಬನ್ನಿ, ಮಾಲು ಬರುತ್ತೆ' ಅಂದಾಗ ನಾವು ಹೂಂ ಅಂತೀವಲ್ಲ, ಥೇಟ್ ಹಾಗೆ.

ಮೊದಲ ಎರಡು ತಿಂಗಳು ನೋಡ್ಬೇಕಿತ್ತು ನೀವು. ಬೆಳಗ್ಗೆ ಐದೂವರೆಗೆ ಎದ್ದು, ಹಾಸಿಗೆ ಮಡ್ಚಿ, ತಲೆ ಬಾಚಿ, ಕುರ್ಚಿ ತುದೀಲಿ ಕೂತಿರೋಳು, ಬಸ್ಸು ಬರುತ್ತೇನೋ ಅನ್ನೋ ಹಾಗೆ. ಊಟ ಹನ್ನೊಂದು ನಿಮಿಷಕ್ಕೆ ಮುಗೀಬೇಕು. ಅಣ್ಣ ಇನ್ನೂ ಮೊದಲ ತುತ್ತು ಕಲಸ್ತಿರ್ತಾನೆ, ಇವ್ಳು ತಟ್ಟೆ ತೊಳೆದಿಟ್ಟಿರ್ತಾಳೆ. ಇನ್ನೊಂದು ಮಜಾ ಕೇಳಿ. ಫ್ಯಾಕ್ಟ್ರೀಲಿ ಒಂದೊಂದು ಸಾಲಿಗೆ ಒಂದೇ ಬಿಲ್ಲೆಯಂತೆ, ಅದನ್ನ ಕುತ್ತಿಗೆಗೆ ಹಾಕ್ಕೊಂಡವ್ರು ಮಾತ್ರ ಬಚ್ಚಲಿಗೆ ಹೋಗ್ಬೋದು. ಆ ಅಭ್ಯಾಸ ಎಲ್ಲಿ ಹೋಗುತ್ತೆ? ಮನೇಲೂ ಎದ್ದು ನಿಂತು, ಎಲ್ರ ಮುಖ ಒಂದ್ಸಲ ನೋಡಿ, "ನಾನು ಹೋಗ್ಬರ್ಲಾ?" ಅನ್ನೋಳು. ಅಣ್ಣ ಪೇಪರ್ ಕೆಳಗಿಳ್ಸಿ, "ಮತ್ತೆ ಫಾರಿನ್‌ಗಾ?" ಅಂತಿದ್ದ. ಎಲ್ರೂ ನಗೋರು. ಅತ್ತಿಗೆ ಮಾತ್ರ ನಗ್ತಿರ್ಲಿಲ್ಲ, "ಹೋಗಮ್ಮ ಮಾರಾಯ್ತಿ, ನಿನ್ನ ಮನೆ ಬಚ್ಚಲು" ಅನ್ನೋಳು.

ಬೀದೀಲಿ ಸಿಕ್ಕೋರದ್ದೆಲ್ಲ ಒಂದೇ ರಾಗ. "ಓ, ಯಾವಾಗ ಬಂದಿದ್ದು? ಯಾವಾಗ ವಾಪಸ್ಸು?" ಇಲ್ಲ ಇಲ್ಲೇ ಇರ್ತೀನಿ ಅಂದ್ರೆ ಪಾಪ ಅನ್ನೋ ಮುಖ ಮಾಡೋರು, ಏನೋ ತಪ್ಪು ಮಾಡಿ ಓಡಿಸ್ಬಿಟ್ರು ಅನ್ನೋ ಹಾಗೆ.

ಈಗ ಅಸಲಿ ವಿಷ್ಯ. ಅಣ್ಣಂಗೆ ತಂಗಿ ಮೇಲೆ ಎಂಥಾ ಹೆಮ್ಮೆ ಅಂದ್ರೆ, ಅವಳನ್ನ ಒಂದು ಮಾತೂ ಕೇಳದೆ ಮುಂದಿನ ರೂಮು ಖಾಲಿ ಮಾಡ್ಸಿ, ಮಿಷನ್ ಇಡ್ಸಿ, ಬಾಗಿಲ ಮೇಲೆ ಬೋರ್ಡ್ ಹಾಕ್ಬಿಟ್ಟ: 'ಫಾರಿನ್ ಟೈಲರ್ಸ್'. ಅಕ್ಕ ಬೋರ್ಡು ನೋಡಿ ಕಲ್ಲಾದ್ಳು. ಯಾಕೆ ಅಂದ್ರೆ ಅಕ್ಕಂಗೆ ಅಂಗಿ ಹೊಲಿಯೋಕೇ ಬರಲ್ಲ!

ನಿಜವಾಗ್ಲೂ. ಅಲ್ಲಿ ಒಂದು ಅಂಗಿ ನಲವತ್ತು ಐವತ್ತು ಕೈ ದಾಟಿ ಹೋಗುತ್ತಂತೆ. ಒಬ್ರು ಜೇಬು, ಒಬ್ರು ತೋಳು, ಒಬ್ರು ಬರೀ ಕಾಜಾ. ಅಕ್ಕಂದು ಕಾಲರು. ಕತ್ತರಿಸಿದ ತುಂಡುಗಳು ಕಟ್ಟು ಕಟ್ಟಾಗಿ ಬರ್ತವೆ, ಒಳಗೆ ಗಟ್ಟಿ ಬಟ್ಟೆ ಇಟ್ಟು ಹೊಲಿ, ತುದಿ ತಿರುಗ್ಸು, ಮೇಲೊಂದು ಹೊಲಿಗೆ ಓಡ್ಸು, ಪಕ್ಕದವ್ಳ ಕಡೆ ತಳ್ಳು. ಗಂಟೆಗೆ ನಲವತ್ತು. ಹನ್ನೊಂದು ವರ್ಷದಲ್ಲಿ ಎಷ್ಟು ಲಕ್ಷ ಕಾಲರ್ ಆಯ್ತೋ ದೇವ್ರಿಗೇ ಗೊತ್ತು, ಆದ್ರೆ ಒಂದೇ ಒಂದು ಪೂರಾ ಅಂಗಿ ಅವಳ ಕೈಲಿ ಆಗಿಲ್ಲ. ಕತ್ತರಿ ಹಿಡಿದು ಬಟ್ಟೆ ಕತ್ತರಿಸಿದವಳೇ ಅಲ್ಲ.

ಇದನ್ನ ಯಾರಿಗೆ ಹೇಳ್ತಾಳೆ? ಬಿಸಿ ತುಪ್ಪ, ಉಗುಳೋಕೂ ಆಗಲ್ಲ ನುಂಗೋಕೂ ಆಗಲ್ಲ. ಅಣ್ಣ ಊರೆಲ್ಲ ಡಂಗುರ ಹೊಡೆದಾಗಿದೆ. ಅತ್ತಿಗೆ ಒಬ್ಬಳಿಗೆ ಮಾತ್ರ ಅಡುಗೆಮನೇಲಿ ಹೇಳ್ಕೊಂಡ್ಳು. ಅತ್ತಿಗೆ ಕೇಳಿ, "ಅಷ್ಟೇನಾ? ನಾನು ಮದುವೆಯಾಗಿ ಬಂದಾಗ ಅನ್ನ ಮಾಡೋಕೂ ಬರ್ತಿರ್ಲಿಲ್ಲ. ನಿಮ್ಮಣ್ಣ ಒಂದು ತಿಂಗಳು ಗಂಜಿ ಕುಡ್ದ. ಈಗ ನೋಡು, ಹೊಟ್ಟೆ ಎಲ್ಲಿಗೆ ಬಂದಿದೆ. ಕಲಿ" ಅಂದ್ಳು.

ಅಕ್ಕ ಕಳ್ಳತನದಲ್ಲಿ ಕಲಿಯೋಕೆ ಶುರು ಮಾಡಿದ್ಳು. ಅಣ್ಣನ ಒಂದು ಬಿಳಿ ಅಂಗಿ ಬಿಚ್ಚಿ, ಒಂದೊಂದೇ ಭಾಗ ಪೇಪರ್ ಮೇಲಿಟ್ಟು ಗೆರೆ ಎಳೆದು ಕತ್ತರಿಸ್ಕೊಂಡ್ಳು. ಅಣ್ಣ ಒಂದು ವಾರ ಆ ಅಂಗಿ ಹುಡುಕ್ದ. "ಇಲ್ಲೇ ನೇತು ಹಾಕಿದ್ದೆ, ಕಾಲು ಬಂತಾ ಅದಕ್ಕೆ?" "ಕಾಲಲ್ಲ, ಕೈ ಹೋಯ್ತು" ಅಂತ ಅತ್ತಿಗೆ ಒಳಗಿಂದ.

ಅಷ್ಟರಲ್ಲಿ ಬಂದ್ರು ಪೋಸ್ಟಣ್ಣ. ನಮ್ಮ ಬೀದಿಗೆ ಕಾಗದ ಹಂಚೋರು, ಮುಂದಿನ ಶುಕ್ರವಾರ ನಿವೃತ್ತಿ. ಕೈಲಿ ಒಂದು ಬಟ್ಟೆ: ತಿಳಿ ನೀಲಿ, ಸಣ್ಣ ಬಿಳಿ ಗೆರೆ, ಒಂದು ಮುಖ ಹೊಳಪು, ಇನ್ನೊಂದು ಮುಖ ಮಂಕು.

"ನೋಡಮ್ಮ, ಮೂವತ್ತೆರಡು ವರ್ಷ ಅರ್ಧ ತೋಳಿನ ಯೂನಿಫಾರ್ಮ್ ಹಾಕಿ ಬಿಸಿಲಲ್ಲಿ ತಿರುಗಿದ್ದೀನಿ. ಮೊಣಕೈ ಮೇಲೆ ಒಂದು ಬಣ್ಣ, ಕೆಳಗೆ ಒಂದು ಬಣ್ಣ. ಕೊನೇ ದಿನ ಪೂರ್ತಿ ತೋಳಿಂದು ಹಾಕ್ಕೊಂಡು ಕುರ್ಚಿ ಮೇಲೆ ಸಾಹೇಬನ ಥರ ಕೂರ್ಬೇಕು. ಹೊಲ್ಕೊಡು."

"ಮೂಲೆ ಟೈಲರ್ ಹತ್ರ ಹೋಗಿ ಪೋಸ್ಟಣ್ಣ, ಅವ್ರು ಹಳಬ್ರು."

"ಅವ್ನಾ? ಅವ್ನು ಹೊಲಿದ ಕಾಲರು ನಾಯಿ ಕಿವಿ ಥರ ಮಡ್ಚ್ಕೊಳ್ಳುತ್ತೆ. ನೀನಿರ್ಬೇಕಾದ್ರೆ ಅವ್ನ್ಯಾಕೆ?"

ಅಣ್ಣ ಪಕ್ಕದಲ್ಲೇ ನಿಂತು ಹಲ್ಲು ಕಿರೀತಿದ್ದ. ಅಕ್ಕ ಬಟ್ಟೆ ಇಸ್ಕೊಂಡ್ಳು. ಇನ್ನೇನು ಮಾಡ್ತಾಳೆ?

ಅದೇ ಸಾಯಂಕಾಲ ಹೊರದೇಶಕ್ಕೆ ಜನ ಕಳ್ಸೋ ಏಜೆಂಟನ ಫೋನು. ಇನ್ನೊಂದು ದೇಶದಲ್ಲಿ ಹೊಸ ಫ್ಯಾಕ್ಟ್ರಿ, ಕಾಲರ್ ಹೊಲಿಯೋ ಕೈ ಬೇಕಂತೆ, ಇಂಥ ಅನುಭವ ಇರೋರು ಸಿಗಲ್ಲ, ಶನಿವಾರದೊಳಗೆ ಹೂಂ ಅಥವಾ ಉಹೂಂ ಹೇಳ್ಬೇಕು. ಅಕ್ಕ ಫೋನಿಟ್ಟು ಅತ್ತಿಗೆ ಹತ್ರ ಅಂದ್ಳು, "ಅತ್ತಿಗೆ, ಈ ಅಂಗಿ ಆದ್ರೆ ಇಲ್ಲೇ ಇರ್ತೀನಿ. ಆಗ್ಲಿಲ್ಲ ಅಂದ್ರೆ ಹೊರಡ್ತೀನಿ. ಅಲ್ಲಾದ್ರೆ ನಂಗೆ ಗೊತ್ತಿರೋ ಕೆಲ್ಸ ಇದೆ. ಇಲ್ಲಿ ಸುಳ್ಳು ಬೋರ್ಡ್ ಕೆಳಗೆ ಎಷ್ಟು ದಿನ ಕೂರ್ಲಿ?" ಮಗಳು ಬಾಗಿಲ ಹಿಂದೆ ಹೋಂವರ್ಕ್ ಮಾಡ್ತಿದ್ದೋಳು, ಕೇಳಿಸ್ಕೊಂಡ್ಳು.

ಐದು ದಿನ ಮುಂದಿನ ರೂಮಿನ ಬಾಗಿಲು ಹಾಕೇ ಇತ್ತು. ಅಕ್ಕ ಎಲ್ಲಕ್ಕಿಂತ ಮೊದ್ಲು ಕಾಲರ್ ಮಾಡಿದ್ಳು. ಅದನ್ನ ನಾನು ಕಣ್ಣಾರೆ ನೋಡಿದ್ದೀನಿ. ತುದಿ ಹೇಗಿತ್ತು ಅಂದ್ರೆ ಚಾಕು, ಎರಡೂ ಕಡೆ ಗೆರೆಗೆ ಗೆರೆ ಕೂಡಿತ್ತು. ಆಮೇಲೆ ಬೆನ್ನು, ಎದೆ, ಜೇಬು, ತೋಳು. ಗುರುವಾರ ಬೆಳಗ್ಗೆ ಅಂಗಿ ರೆಡಿ. ಅಕ್ಕ ಇಸ್ತ್ರಿ ಹಾಕಿ ಹ್ಯಾಂಗರ್‌ಗೆ ತೂಗು ಹಾಕಿ ಹಿಂದೆ ಸರಿದು ನಿಂತ್ಳು. ಮಗಳು ಸ್ಕೂಲಿಗೆ ಹೊರಟವಳು ಬಂದು ನೋಡಿದ್ಳು. ಈ ಕಡೆಯಿಂದ ನೋಡಿದ್ಳು, ಆ ಕಡೆಯಿಂದ ನೋಡಿದ್ಳು.

"ಅಮ್ಮ, ಈ ಬಲಗಡೆ ತೋಳಿನ ಸೀಳು ಯಾಕೆ ಒಳಗಡೆ ಬಂದಿದೆ? ಗುಂಡಿ ಹೊಟ್ಟೆ ಕಡೆ ಇದೆ?"

ಅಕ್ಕ ತೋಳು ಹಿಡಿದು ನೋಡಿದ್ಳು. ಎರಡೂ ಎಡಗೈ ತೋಳು! ಬಟ್ಟೆಗೆ ಹೊಳಪಿನ ಮುಖ ಒಂದೇ, ತಿರುಗ್ಸಿ ಹಾಕೋ ಹಾಗೂ ಇಲ್ಲ. ಅರ್ಧ ತೋಳಿಗೆ ಕತ್ತರಿಸಿದ್ರೆ ತಪ್ಪು ಮುಚ್ಚಿಹೋಗುತ್ತೆ, ಆದ್ರೆ ಆ ಮನುಷ್ಯ ಕೇಳಿದ್ದೇ ಪೂರ್ತಿ ತೋಳು.

ಅಕ್ಕ ಕೂತ್ಳು. ಆಮೇಲೆ ಫೋನ್ ತಗೊಂಡ್ಳು.

"ಯಾರಿಗೆ?" ಮಗಳು.

"ಏಜೆಂಟ್‌ಗೆ. ಪೋಸ್ಟಣ್ಣಂಗೆ ಬಟ್ಟೆ ದುಡ್ಡು ನಿಮ್ಮ ಮಾವ ಕೊಡ್ತಾನೆ. ನಾನು..."

"ಮೂಲೆ ಟೈಲರ್‌ನ ಕೇಳ್ಬೋದಲ್ಲ?"

"ಏನಂತ ಕೇಳ್ಲಿ? ಬಾಗಿಲ ಮೇಲೆ ಅಷ್ಟು ದೊಡ್ಡ ಬೋರ್ಡ್ ಇಟ್ಕೊಂಡು, ನಂಗೆ ಬರಲ್ಲ ಅಂತಾನಾ?"

ಮಗಳು ಬ್ಯಾಗ್ ಹೆಗಲಿಗೆ ಏರಿಸ್ಕೊಂಡ್ಳು. ಈ ಹುಡುಗಿ ಅಮ್ಮನ ಹತ್ರ ಅಲ್ಲೀತನಕ ಒಂದು ಜೋರು ಮಾತಾಡಿದ್ದಿಲ್ಲ, ಮನೆಗೆ ಬಂದ ನೆಂಟರ ಹತ್ರ ಯಾರು ಜಗಳ ಆಡ್ತಾರೆ? ಅವತ್ತು ಆಡಿದ್ಳು. "ಬರಲ್ಲ ಅಂತ ಹೇಳೋದಕ್ಕಿಂತ ವಿಮಾನ ಹತ್ತೋದೇ ಸುಲಭನಾ ನಿಂಗೆ? ಹತ್ತು ಹಾಗಾದ್ರೆ!" ಅಂತ ಕೂಗಿ, ಚಪ್ಪಲಿ ಹಾಕ್ಕೊಳ್ಳದೇ ಅರ್ಧ ಬೀದಿ ಹೋಗಿ, ವಾಪಸ್ ಬಂದು ಹಾಕ್ಕೊಂಡು, ಮುಖ ನೋಡದೇ ಹೋದ್ಳು.

ಅಕ್ಕ ಫೋನ್ ಪಕ್ಕಕ್ಕಿಟ್ಟು ಅಂಗೀನ ಮಡ್ಚಿ ಚೀಲದಲ್ಲಿಟ್ಳು. ಉಳಿದ ತುಂಡು ಬಟ್ಟೇನೂ ಇಟ್ಳು. ಫ್ಯಾಕ್ಟ್ರೀಲಿ ಒಂದು ಚೂರು ಎಸೆದ್ರೂ ಬೈತಿದ್ರಂತೆ, ಹಾಗಾಗಿ ಬೆರಳಷ್ಟಗಲದ ತುಂಡನ್ನೂ ಎತ್ತಿಟ್ಟಿದ್ಳು. ಹಾಡಹಗಲಲ್ಲಿ, ಎಲ್ರೂ ನೋಡ್ತಿರೋ ಹಾಗೆ, ಬೀದಿ ಕೊನೆ ತನಕ ನಡ್ಕೊಂಡು ಹೋದ್ಳು.

ಮೂಲೆ ಟೈಲರ್ರು ನಿಮಗೆ ಗೊತ್ತಿಲ್ಲ. ಎಪ್ಪತ್ತು ದಾಟಿದೆ, ಕನ್ನಡಕ ಮೂಗಿನ ತುದೀಲಿ, ನಾಲಿಗೆ ಕತ್ತರಿಗಿಂತ ಹರಿತ. ಬೋರ್ಡ್ ಬಿದ್ದ ದಿನದಿಂದ ಅವ್ರಿಗೆ ಅಕ್ಕ ಅಂದ್ರೆ ಉರಿ. ಅಂಗಡೀಲಿ ಇಬ್ರು ಗಿರಾಕಿ ಬೇರೆ ಕೂತಿದ್ರು.

"ಬನ್ನಿ ಬನ್ನಿ, ಫಾರಿನ್ ಮೇಡಂ! ದಾರಿ ತಪ್ಪಿದ್ರಾ? ಸೂಜಿ ಸಾಲ ಬೇಕಿತ್ತಾ?"

ಅಕ್ಕ ಅಂಗಿ ತೆಗೆದು ಮೇಜಿನ ಮೇಲೆ ಹಾಸಿದ್ಳು. ಅವ್ರು ಒಂದು ತೋಳು ಎತ್ತಿದ್ರು. ಇನ್ನೊಂದು ಎತ್ತಿದ್ರು. ಕನ್ನಡಕ ಸರಿ ಮಾಡ್ಕೊಂಡು ಮತ್ತೆ ಮೊದಲನೇದು ಎತ್ತಿದ್ರು.

"ಇದನ್ನ ಹಾಕ್ಕೊಳ್ಳೋನಿಗೆ ಎರಡೂ ಎಡಗೈನಾ ಮೇಡಂ? ಊಟ ಹೇಗೆ ಮಾಡ್ತಾನಂತೆ?"

ಗಿರಾಕಿಗಳು ಬಿದ್ದು ಬಿದ್ದು ನಕ್ಕರು. ಅಕ್ಕ ನಗು ನಿಲ್ಲೋ ತನಕ ಕಾದ್ಳು. ಆಮೇಲೆ, "ಯಜಮಾನ್ರೇ, ನಂಗೆ ಅಂಗಿ ಹೊಲಿಯೋಕೆ ಬರಲ್ಲ. ಹನ್ನೊಂದು ವರ್ಷ ಬರೀ ಕಾಲರ್ ಹೊಲ್ದಿದ್ದೀನಿ. ತೋಳು ಹೊಲೀತಿದ್ದೋರ ಮುಖಾನೂ ಸರಿಯಾಗಿ ನೋಡಿಲ್ಲ. ಬೋರ್ಡ್ ನಮ್ಮಣ್ಣ ಹಾಕಿದ್ದು, ತೆಗೆಸೋ ಧೈರ್ಯ ನಂಗಿರ್ಲಿಲ್ಲ" ಅಂದ್ಳು. ಎಲ್ರ ಮುಂದೆ, ಗಟ್ಟಿಯಾಗಿ. ಹೇಳುವಾಗ ಮೇಜು ಹಿಡ್ಕೊಂಡಿದ್ಳಂತೆ.

ಟೈಲರ್ರು ಕಾಲರಿನ ತುದೀನ ಹೆಬ್ಬೆರಳಲ್ಲಿ ಒತ್ತಿದ್ರು. ಬಗ್ಗಿಸಿ ಬಿಟ್ರು. ಅದು ಟಪ್ ಅಂತ ಎದ್ದು ನಿಂತ್ಕೊಂತು. ಇನ್ನೊಂದ್ಸಲ ಬಗ್ಗಿಸಿ ಬಿಟ್ರು.

"ಬಟ್ಟೆ ಹೇಗೆ ಹಾಸಿ ಕತ್ತರಿಸ್ದೆ?" ಮೇಡಂ ಹೋಗಿ ಏಕವಚನ ಬಂದಿತ್ತು.

"ಬಿಚ್ಚಿ ಹಾಸಿದೆ. ಪೇಪರ್ ಇಟ್ಟು ಒಂದು ತೋಳು ಕತ್ತರಿಸಿದೆ. ಅದೇ ಪೇಪರ್ ಪಕ್ಕಕ್ಕಿಟ್ಟು ಇನ್ನೊಂದು."

"ಮಡ್ಚ್‌ಲಿಲ್ವಾ?"

"ಅಲ್ಲಿ ಯಾರೂ ಮಡ್ಚಲ್ಲ. ಕಟ್ಟಲ್ಲಿ ಎಲ್ಲಾ ತುಂಡೂ ಒಂದೇ ಮುಖ ಮೇಲೆ ಇರ್ಬೇಕು. ಒಂದು ತಲೆಕೆಳಗಾದ್ರೂ ಸೂಪರ್‌ವೈಸರ್ ಕಿರುಚ್ತಾನೆ."

"ಅಯ್ಯೋ ಹುಚ್ಚಮ್ಮ! ಮಡ್ಚಿದ್ರೆ ತಾನೇ ಎಡ ಬಲ ಹುಟ್ಟೋದು? ಹನ್ನೊಂದು ವರ್ಷ ಓದಿ ಅ ಆ ಇ ಈ ಬಿಟ್ಟು ಬಂದಿದ್ದೀಯಲ್ಲೇ!" ಅಂದ್ರು. ಆಮೇಲೆ ತುಂಡು ಬಟ್ಟೆ ಕೇಳಿದ್ರು. ಅಕ್ಕ ಚೀಲ ಸುರಿದ್ಳು. ಅವ್ರು ಅಳತೆ ಹಾಕಿ, "ಹೊಸ ಬಲತೋಳಿಗೆ ನಾಲ್ಕು ಬೆರಳು ಸಾಲ್ದು. ಕಂಕುಳ ಕೆಳಗೆ ಜೋಡಿಸ್ಬೇಕು, ಗೆರೆಗೆ ಗೆರೆ ಕೂಡ್ಸಿ. ಕೈ ಎತ್ತಿದ್ರೆ ಮಾತ್ರ ಕಾಣುತ್ತೆ. ಆದ್ರೆ ನಾನು ಹೊಲಿಯಲ್ಲ. ನೀನೇ ಹೊಲೀಬೇಕು. ಪುಕ್ಕಟೆ ಕಲ್ಸೋದೂ ಇಲ್ಲ" ಅಂತ ಮೂಲೆ ಕಡೆ ಗದ್ದ ತೋರ್ಸಿದ್ರು. ಅಲ್ಲಿ ಒಂಬತ್ತು ಅಂಗಿ, ಎಲ್ಲಾ ಮುಗಿದಿವೆ, ಕಾಲರ್ ಮಾತ್ರ ಇಲ್ಲ. "ಕಣ್ಣು ಮಂಜಾಗಿದೆ. ತುದಿ ತಿರುಗ್ಸೋದು ಆಗ್ತಿಲ್ಲ" ಅಂದ್ರು, ಇದನ್ನ ಮಾತ್ರ ಸ್ವಲ್ಪ ಮೆಲ್ಲಗೆ.

ಅಕ್ಕ ಅವ್ರ ತುಳಿಯೋ ಮಿಷನ್ ಮುಂದೆ ಕೂತ್ಳು. ಅಷ್ಟೂ ತಿಂಗಳಲ್ಲಿ ಅವತ್ತು ಒಂದಿನ ಅವಳ ಕೈ ಅವಳ ಕೈ ಥರ ಓಡ್ತಂತೆ. ಒಂಬತ್ತೂ ಮುಗೀತು. ಇನ್ನೂ ಎದ್ದು ಹೋಗದೇ ಬಾಯಿ ಬಿಟ್ಕೊಂಡು ಕೂತಿದ್ದ ಗಿರಾಕಿ ಒಬ್ಬ, "ಇವ್ರನ್ನ ಕಾಲರಕ್ಕ ಅಂತ ಕರೀಬೇಕು ಬಿಡ್ರೀ" ಅಂದ. ಟೈಲರ್ರು, "ನಿಂಗಿಲ್ಲೇನು ಕೆಲ್ಸ? ಹೋಗ್ ಮನೆಗೆ" ಅಂತ ಓಡಿಸಿದ್ರು. ಆಮೇಲೆ ಬಟ್ಟೆ ಮಡ್ಚೋದ್ರಿಂದ ಶುರು ಮಾಡಿದ್ರು. ಎರಡು ಸಲ ತಪ್ಪಾಯ್ತು, ಎರಡು ಸಲಾನೂ ಬಿಚ್ಚಿಸಿದ್ರು, ಮೂರನೇ ಸಲ ಬೈಲಿಲ್ಲ.

ಶುಕ್ರವಾರ ಮಧ್ಯಾಹ್ನ ಪೋಸ್ಟಣ್ಣ ಬಂದು ಅಂಗಿ ಹಾಕ್ಕೊಂಡು ಕನ್ನಡಿ ಮುಂದೆ ನಿಂತ್ರು. ಅಕ್ಕ ಅವ್ರು ಕೇಳೋ ಮುಂಚೇನೇ ಎಲ್ಲಾ ಹೇಳ್ಬಿಟ್ಳು, ಎರಡು ಎಡಗೈ ಕಥೆ, ಕಂಕುಳ ಜೋಡಣೆ, ತನಗೆ ಬರಲ್ಲ ಅನ್ನೋದು, ಎಲ್ಲಾ. ಅಣ್ಣ ಬಾಗಿಲಲ್ಲಿ ನಿಂತು ಕೇಳ್ತಿದ್ದ, ಮುಖ ಬಾಡಿದ ಸೊಪ್ಪಾಯ್ತು.

ಪೋಸ್ಟಣ್ಣ ತೋಳಿನ ಗುಂಡಿ ಹಾಕ್ಕೊಂಡ್ರು. "ಮೂವತ್ತೆರಡು ವರ್ಷ ಕಾಗದ ಹಂಚಿದ್ದೀನಿ ಕಣಮ್ಮ. ಒಂದು ಕಾಗದ ನೆಟ್ಟಗೆ ಬರಿ ಅಂದ್ರೆ ನಂಗೂ ಬರಲ್ಲ. ಯಾರಾದ್ರೂ ಕೇಳಿದ್ರಾ? ಜೋಡಣೆ ಬಿಡು, ನಾನ್ಯಾಕೆ ಕೈ ಎತ್ತಲಿ? ಎತ್ತಿ ಎತ್ತಿ ಬಾಗಿಲು ಬಡಿದಿದ್ದು ಸಾಕು."

ಹಾಗಂದೋರು ಮಾಡಿದ್ದೇನು ಗೊತ್ತಾ? ಸಾಯಂಕಾಲ ಆಫೀಸಿನ ಬೀಳ್ಕೊಡುಗೇಲಿ ಸಿಕ್ಕಸಿಕ್ಕೋರ ಮುಂದೆಲ್ಲ ಕೈ ಎತ್ತಿ, "ನೋಡಿ ಇಲ್ಲಿ, ಜೋಡ್ಸಿದ್ದಾರೆ, ಗೊತ್ತಾಗುತ್ತಾ? ನೋಡಿ ಬಗ್ಗಿ ನೋಡಿ!" ಅಂತ ಕಂಕುಳು ತೋರ್ಸಿದ್ದೇ ತೋರ್ಸಿದ್ದು. ಫೋಟೋದಲ್ಲೂ ಒಂದು ಕೈ ಮೇಲಿದೆ. ರಾತ್ರಿಯಾಗೋ ಮುಂಚೆ ಬೀದಿಗೆಲ್ಲಾ ಗೊತ್ತಾಯ್ತು, ಫಾರಿನ್ನವ್ಳಿಗೆ ಅಂಗಿ ಬರಲ್ವಂತೆ, ಮೂಲೇಲಿ ಕಲೀತಾಳಂತೆ, ಕಾಲರ್ ಮಾತ್ರ ನೋಡ್ಬೇಕಂತೆ. ಕೆಲವ್ರು ಮೂಗು ಮುರಿದ್ರು. ಅಣ್ಣ ಎರಡು ದಿನ ಮಾತಾಡ್ಲಿಲ್ಲ. ಮರ್ಯಾದೆ ಹೋಯ್ತು ಅಂತ ಅವ್ನಿಗೆ. ಅದು ಸುಲಭಕ್ಕೆ ಸರಿ ಹೋಗ್ಲಿಲ್ಲ, ಸುಳ್ಳು ಯಾಕೆ ಹೇಳ್ಲಿ.

ಶನಿವಾರ ಏಜೆಂಟನ ಫೋನ್ ಬಂತು. ಮಗಳು ಅಲ್ಲೇ ನೆಲದ ಮೇಲೆ ಕೂತು ಪುಸ್ತಕ ತಿರುವಿ ಹಾಕ್ತಿದ್ಳು, ಓದ್ತಿರ್ಲಿಲ್ಲ ಅಂತ ನಮ್ಮ ಕಿಟಕೀಗೂ ಗೊತ್ತಾಗ್ತಿತ್ತು.

"ಇಲ್ಲ ಸಾರ್, ಬರಲ್ಲ... ಇಲ್ಲ, ಸಂಬಳ ಅಲ್ಲ... ಸೋಮವಾರದಿಂದ ತೋಳು ಕಲಿಯೋಕೆ ಹೋಗ್ಬೇಕು. ಹೂಂ ಸಾರ್, ತೋಳು. ಅಂಗಿ ತೋಳು... ನಗಿ ಸಾರ್, ಪರವಾಗಿಲ್ಲ."

ಫೋನ್ ಇಟ್ಟಳು. ಮಗಳು ಎದ್ದು ಒಳಗೆ ಹೋದ್ಳು. ಅಕ್ಕ ಅಡುಗೆಮನೆ ಬಾಗಿಲಲ್ಲಿದ್ದ ಅತ್ತಿಗೆ ಮುಖ ನೋಡಿದ್ಳು, ಅತ್ತಿಗೆ ಭುಜ ಕುಣಿಸಿದ್ಳು. ಎರಡು ನಿಮಿಷ ಬಿಟ್ಟು ಹುಡುಗಿ ಒಂದು ಕಾರ್ಡ್ ತಂದು ಅಮ್ಮನ ತೊಡೆ ಮೇಲೆ ಇಟ್ಳು, ಜೊತೆಗೊಂದು ಪೆನ್ನು.

"ಏನಿದು?"

"ಮಾರ್ಕ್ಸ್ ಕಾರ್ಡು. ಸಹಿ ಹಾಕು. ಅತ್ತೆ ಹಾಕಲ್ವಂತೆ."

ಅತ್ತಿಗೆ ಅಡುಗೆಮನೆಯಿಂದ, "ಹತ್ತು ವರ್ಷ ಹಾಕಿದ್ದೀನಿ, ಆ ಲೆಕ್ಕದ ಮೇಷ್ಟ್ರ ಬೈಗುಳ ನಂಗೆ ಸಾಕು. ಇನ್ನ ನೀನೇ ಹೋಗಿ ಕೇಳು" ಅಂದ್ಳು.

ಅಕ್ಕ ಕಾರ್ಡ್ ತೆರೆದ್ಳು. ಒಂದೊಂದೇ ಸಾಲಿನ ಮೇಲೆ ಬೆರಳು ಓಡ್ಸಿದ್ಳು. ಆಮೇಲೆ ಎದ್ದು ನಿಂತು ಒಂದು ಕೂಗು ಹಾಕಿದ್ಳು ನೋಡಿ, ನಮ್ಮನೇಲಿ ಟೀ ಕುಡೀತಿದ್ದ ಅಪ್ಪ ಲೋಟ ಕೆಳಗಿಟ್ರು.

"ಹದಿನೇಳಾ? ಲೆಕ್ಕದಲ್ಲಿ ನೂರಕ್ಕೆ ಹದಿನೇಳಾ? ಏನೇ ಮಾಡ್ತಿದ್ದೆ ವರ್ಷವಿಡೀ? ಎಲ್ಲಿ ಪುಸ್ತಕ? ತಗೊಂಬಾ ಇಲ್ಲಿ! ನಿಲ್ಲೇ, ಎಲ್ಲಿಗೆ ಓಡ್ತೀಯಾ?"

ಹುಡುಗಿ ಬೀದಿಗೆ ಓಡಿ ಬಂದಿದ್ಳು, ಈ ಸಲಾನೂ ಚಪ್ಪಲಿ ಇಲ್ದೆ. ನಮ್ಮ ಮೆಟ್ಟಿಲ ಮೇಲೆ ಬಂದು ಕೂತು, ಬಾಯಿ ಮುಚ್ಕೊಂಡು, ಭುಜ ಅಲುಗೋ ಹಾಗೆ ನಗ್ತಿದ್ಳು.